ಮಾಳಿಗೆಯ ಮೇಲಿನ ಸಾಕ್ಷಿಗಳು

ಬಾನುಲಿಯ ಸುತ್ತ ಕುಳಿತು ಲೋಕದ ಸುದ್ದಿ ತಿಳಿಯುವ ಮನೆಗಳಲ್ಲಿ ಕೇಳಿದ್ದನ್ನು ನಂಬುವುದು ಒಂದು ಅಭ್ಯಾಸವಾಗಿರುತ್ತದೆ. ಮಾಸ್ಕೋದಲ್ಲಿ ಹೀಗಾಯಿತು, ಲಂಡನ್ನಿನಲ್ಲಿ ಹಾಗೆಂದರು ಎಂದು ವಾರ್ತೆ ಓದುವವರು ಹೇಳಿದರೆ ಹೌದೆಂದು ತಲೆದೂಗುತ್ತೇವೆ. ಎದ್ದು ಹೋಗಿ ನೋಡಿಬರುವಂತಿಲ್ಲವಲ್ಲ! ಆದರೆ ೧೯೫೭ನೆಯ ಇಸವಿ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ಬಂದ ಒಂದು ಸುದ್ದಿ ಬೇರೆ ಜಾತಿಯದು. ಅದನ್ನು ಕೇಳಿದವರು ರೇಡಿಯೋ ಪೆಟ್ಟಿಗೆಯನ್ನು ಅದರ ಪಾಡಿಗೆ ಬಿಟ್ಟು, ಅಂಗಳಕ್ಕೋ ಮಾಳಿಗೆಗೋ ಹೋಗಿ, ಸುದ್ದಿ ನಿಜವೇ ಎಂದು ಕಣ್ಣಾರೆ ನೋಡಬಹುದಾಗಿತ್ತು.

ಆ ತಿಂಗಳ ೪ರಂದು ಸೋವಿಯತ್ ವಿಜ್ಞಾನಿಗಳು ಹಾರಿಸಿದ ಸ್ಪುಟ್ನಿಕ್ ಎಂಬುದು ೫೮ ಸೆಂಟಿಮೀಟರ್ ಅಡ್ಡಳತೆಯ ಒಂದು ಲೋಹದ ಗುಂಡು, ತೂಕ ೮೩.೬ ಕಿಲೋಗ್ರಾಂ. ಅದರ ಹೊಟ್ಟೆಯಲ್ಲಿದ್ದ ರೇಡಿಯೋ ಪ್ರೇಷಕದಿಂದ ಹೊರಟ ‘ಬೀಪ್ ಬೀಪ್’ ದನಿಯನ್ನು ಹವ್ಯಾಸಿ ರೇಡಿಯೋಗಾರರು ತಮ್ಮ ತಮ್ಮ ಯಂತ್ರಗಳಲ್ಲಿ ಹಿಡಿದರು. ಬಾನುಲಿ ನಿಲಯಗಳು ಅದನ್ನು ಊರಿಗೆಲ್ಲ ಕೇಳಿಸಿದವು. ಮೂರು ವಾರ ಕಳೆಯಿತು, ಬ್ಯಾಟರಿ ತೀರಿತು, ದನಿ ನಿಂತಿತು. ಆದರೆ ಗುಂಡು ನಿಲ್ಲಲಿಲ್ಲ. ೧೯೫೮ರ ಜನವರಿ ೪ರಂದು ವಾಯುಮಂಡಲಕ್ಕೆ ಇಳಿದು ಉರಿದುಹೋಗುವವರೆಗೆ, ಇನ್ನೂ ಎರಡು ತಿಂಗಳಿಗೂ ಮಿಕ್ಕ ಕಾಲ, ಅದು ಮೂಕವಾಗಿ ಸುತ್ತುತ್ತಲೇ ಇತ್ತು. ಹೀಗೆ ಮಾತು ನಿಂತ ಮೇಲೂ ಬೆಳಕಿನಿಂದ ತಮ್ಮ ಇರವನ್ನು ತಿಳಿಸುವ ಗಗನನೌಕೆಗಳನ್ನು, ದೊಡ್ಡ ವೀಕ್ಷಣಾಲಯಗಳ ನೌಕರಿಯಲ್ಲಿಲ್ಲದ ಸಾಮಾನ್ಯರು ತಮ್ಮ ಮನೆಯ ಮೇಲಿನಿಂದ ಹಿಡಿಯುತ್ತ ಬಂದ ಚರಿತ್ರೆಯೊಂದು ಉಂಟು. ಅದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲಿಗೇ ಒಂದು ತಪ್ಪನ್ನು ತಿದ್ದಿಬಿಡಬೇಕು. ಸ್ಪುಟ್ನಿಕ್ಕನ್ನು ಬರಿಗಣ್ಣಿನಿಂದ ಕಂಡೆವೆಂದು ಹಿರಿಯರು ಹೇಳುವುದುಂಟು. ಅವರು ಕಂಡದ್ದು ಸುಳ್ಳಲ್ಲ. ಆದರೆ ಕಂಡದ್ದು ಹೆಚ್ಚಾಗಿ ಆ ಗುಂಡನ್ನು ಹೊತ್ತೊಯ್ದ ರಾಕೆಟ್ಟಿನ ಒಡಲನ್ನು. ಇಪ್ಪತ್ತೈದು ಮೀಟರಿಗೂ ಮಿಕ್ಕ ಉದ್ದದ ಆ ಖಾಲಿ ಕೊಳವೆಯೂ ಗುಂಡಿನ ಜೊತೆಯಲ್ಲೇ ಭೂಮಿಯನ್ನು ಸುತ್ತುತ್ತಿತ್ತು. ಸಂಜೆ ಬೀದಿಯಲ್ಲೆಲ್ಲ ಕತ್ತಲು ಕವಿದಿದ್ದರೂ ದೇವಸ್ಥಾನದ ಗೋಪುರದ ಕಳಸಕ್ಕೆ ಇನ್ನೂ ಬಿಸಿಲು ತಗಲಿ ಹೊಳೆಯುವುದನ್ನು ನೋಡಿದ್ದೀರಷ್ಟೆ. ಇದೂ ಹಾಗೆಯೇ. ನೌಕೆಗೆ ಸ್ವಂತ ದೀಪವಿಲ್ಲ. ನಮಗೆ ಮುಳುಗಿದ ಸೂರ್ಯ ಅದಕ್ಕೆ ಇನ್ನೂ ಮುಳುಗಿಲ್ಲ, ಅಷ್ಟೆ.

ಕೃತಕ ಉಪಗ್ರಹವನ್ನು ನೋಡಲು ಸಾಮಾನ್ಯ ಜನರನ್ನು ಸೇರಿಸಿಕೊಳ್ಳಬೇಕೆಂಬ ಯೋಚನೆ ಅಮೆರಿಕದ ಖಗೋಳಜ್ಞ ಫ್ರೆಡ್ ವಿಪ್ಪಲ್ ಅವರದು. ಅವರು ಮೆಸಾಚುಸೆಟ್ಸ್ ಸಂಸ್ಥಾನದ ಕೇಂಬ್ರಿಜ್ಜಿನಲ್ಲಿದ್ದ ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯದ ನಿರ್ದೇಶಕರು. ಉಪಗ್ರಹಗಳ ಚಿತ್ರ ತೆಗೆಯಲು ವಿಶೇಷ ಕ್ಯಾಮರಾಗಳನ್ನು ಮಾಡಿಸುತ್ತಿದ್ದರು. ಜೊತೆಗೆ ೧೯೫೬ರಲ್ಲಿ ‘ಮೂನ್‌ವಾಚ್’ ಎಂಬ ಸ್ವಯಂಸೇವಕರ ಪಡೆಯನ್ನೂ ಕಟ್ಟಿದರು. ಶಾಲೆಯ ಹುಡುಗರು, ಉಪಾಧ್ಯಾಯರು, ಗೃಹಿಣಿಯರು, ಅಂಗಡಿಯವರು ಎಲ್ಲರೂ ಅದರಲ್ಲಿದ್ದರು. ಬಲ್ಲವರು ಕೆಲವರು ಮೂಗು ಮುರಿದರು: ವಿಜ್ಞಾನದ ಕೆಲಸವನ್ನು ಊರ ಮಂದಿಯ ಕೈಗೆ ಕೊಟ್ಟರೆ ಹೇಗೆ? ಸ್ಪುಟ್ನಿಕ್ ಹಾರಿದ ದಿನ ಆ ವಿಶೇಷ ಕ್ಯಾಮರಾಗಳ ಕೇಂದ್ರ ಒಂದೂ ಸಿದ್ಧವಾಗಿರಲಿಲ್ಲ. ಊರ ಮಂದಿ ಸಿದ್ಧವಾಗಿದ್ದರು.

ಅವರು ಕೆಲಸ ಮಾಡುತ್ತಿದ್ದ ಕ್ರಮ ಬಹಳ ಸ್ವಾರಸ್ಯವಾದದ್ದು. ಬಯಲಿನಲ್ಲೋ ಕಟ್ಟಡದ ಮೇಲೋ ಹತ್ತಾರು ಮಂದಿ ಸಾಲಾಗಿ ಕೂರುವರು. ಒಬ್ಬೊಬ್ಬರ ಮುಂದೆಯೂ ಒಂದು ಪುಟ್ಟ ದೂರದರ್ಶಕ. ಕತ್ತು ನೋಯದಂತೆ ತಲೆ ಬಗ್ಗಿಸಿಯೇ ನೋಡಲು ಅನುಕೂಲವಾಗುವ ಹಾಗೆ ಅದಕ್ಕೊಂದು ಕನ್ನಡಿ. ಅದು ವಸ್ತುವನ್ನು ಐದಾರು ಪಟ್ಟು ಮಾತ್ರ ಹಿಗ್ಗಿಸುತ್ತಿತ್ತು, ಆದರೆ ಆಕಾಶದ ವಿಶಾಲವಾದ ಭಾಗ ಅದರಲ್ಲಿ ಕಾಣುತ್ತಿತ್ತು. ಒಬ್ಬರ ನೋಟ ಮುಗಿಯುವಲ್ಲಿ ಪಕ್ಕದವರ ನೋಟ ತೊಡಗಿ, ಉತ್ತರದಿಂದ ದಕ್ಷಿಣದವರೆಗೆ ಆಕಾಶಕ್ಕೆ ಬೇಲಿ ಹಾಕಿದಂತಾಗುತ್ತಿತ್ತು. ಮಧ್ಯದಲ್ಲಿ ನೆಟ್ಟ ಎತ್ತರದ ಕಂಬವೊಂದು ಆ ಬೇಲಿಯ ಗುರುತು. ಚುಕ್ಕೆ ಬೇಲಿಯನ್ನು ದಾಟಿದ ಕ್ಷಣದಲ್ಲಿ ಕಂಡವರು ಕೂಗಬೇಕು. ಆ ಕೂಗನ್ನೂ ರೇಡಿಯೋದಲ್ಲಿ ಬರುವ ಕಾಲಸೂಚನೆಯ ಟಿಕ್ ಟಿಕ್ ಸದ್ದನ್ನೂ ಧ್ವನಿಮುದ್ರಕ ಒಟ್ಟಿಗೆ ಹಿಡಿದಿಡುತ್ತಿತ್ತು. ಯಾವ ಗಳಿಗೆಯಲ್ಲಿ, ಯಾವ ನಕ್ಷತ್ರದ ಪಕ್ಕ ಎಂಬ ಈ ಎರಡು ವಿಷಯ ತಿಳಿದರೆ ನೌಕೆಯ ದಾರಿಯನ್ನು ಲೆಕ್ಕ ಹಾಕಬಹುದು. ಹೆಚ್ಚಿನ ರಾತ್ರಿಗಳಲ್ಲಿ ಏನೂ ಕಾಣದೆ ಚಳಿಯಲ್ಲಿ ನಡುಗಿ ಮನೆಗೆ ಹೋಗುವುದೇ ಆಗುತ್ತಿತ್ತು. ಆದರೂ ೧೯೭೫ರವರೆಗೆ, ಸುಮಾರು ಹತ್ತೊಂಬತ್ತು ವರ್ಷ, ಈ ಪಡೆ ಕೆಲಸ ಮಾಡಿತು.

ಅವರ ಕಾವಲು ದಂಡವಾಗಲಿಲ್ಲ ಎನ್ನುವುದಕ್ಕೆ ಒಂದು ಪ್ರಸಂಗ ಸಾಕು. ೧೯೬೦ರಲ್ಲಿ ರಷ್ಯನರು ಹಾರಿಸಿದ್ದ ಸ್ಪುಟ್ನಿಕ್ ೪ ಎಂಬ ನೌಕೆ ೧೯೬೨ರ ಸೆಪ್ಟೆಂಬರ್ ೫ರ ಬೆಳಗಿನ ಜಾವ ವಿಸ್ಕಾನ್ಸಿನ್ ಸಂಸ್ಥಾನದ ಮೇಲೆ ಉರಿಯುತ್ತ ಚೂರಾಯಿತು. ಮಿಲ್ವಾಕಿ ನಗರದ ಮೂನ್‌ವಾಚ್ ತಂಡದವರು ಅದನ್ನು ಕಾದು ಕುಳಿತೇ ಇದ್ದರು, ಕಂಡರು. ಅದೇ ಮುಂಜಾನೆ ಮ್ಯಾನಿಟೊವಾಕ್ ಎಂಬ ಊರಿನ ಬೀದಿಯ ನಡುವೆ ಸುಮಾರು ಒಂಬತ್ತು ಕಿಲೋಗ್ರಾಂ ತೂಕದ ಲೋಹದ ತುಂಡೊಂದು ಬಿದ್ದಿತ್ತು. ಪೊಲೀಸರು ಅದನ್ನು ಮೊದಲು ಯಾವುದೋ ಗುಜರಿ ಸಾಮಾನೆಂದೇ ಭಾವಿಸಿದ್ದರು. ಆಕಾಶದಲ್ಲಿ ನಡೆದದ್ದನ್ನು ಕಂಡವರ ಹೇಳಿಕೆ ಬಂದ ಮೇಲೆ ತಾನೆ ಬೀದಿಯ ಕಬ್ಬಿಣಕ್ಕೂ ಬಾನಿನ ನೌಕೆಗೂ ನಂಟು ತಿಳಿದದ್ದು!

ವಿಪ್ಪಲ್ ಅವರ ಕ್ಯಾಮರಾಗಳು ೧೯೫೭ರ ಕೊನೆಯಿಂದ ಒಂದೊಂದಾಗಿ ಕೆಲಸಕ್ಕೆ ನಿಂತವು. ಮಸೂರ ಮತ್ತು ಕನ್ನಡಿಗಳನ್ನು ರೂಪಿಸಿದವರು ಜೇಮ್ಸ್ ಬೇಕರ್, ಯಂತ್ರಭಾಗವನ್ನು ರೂಪಿಸಿದವರು ಜೋಸೆಫ್ ನನ್. ಆದ್ದರಿಂದ ಬೇಕರ್-ನನ್ ಎಂದೇ ಅದಕ್ಕೆ ಹೆಸರು. ಜಗತ್ತಿನಲ್ಲಿ ಹನ್ನೆರಡು ಕಡೆ ಇವನ್ನು ನಿಲ್ಲಿಸಿದರು. ಪೆರುವಿನ ಆರೆಕಿಪಾ, ಇರಾನಿನ ಶಿರಾಜ್, ಆಸ್ಟ್ರೇಲಿಯದ ವೂಮೆರಾಗಳಂತೆ ನಮ್ಮ ದೇಶದ ನೈನಿತಾಲಿಗೂ ಒಂದು ಬಂತು. ಹಿಮಾಲಯದ ತಪ್ಪಲಿನ ಆ ವೀಕ್ಷಣಾಲಯದಲ್ಲಿ ಭಾರತೀಯ ಖಗೋಳಜ್ಞರು ರಾತ್ರಿಯೆಲ್ಲ ಎದ್ದು ಫಿಲ್ಮಿನ ಮೇಲೆ ಉಪಗ್ರಹಗಳನ್ನು ಹಿಡಿದರು. ೧೯೫೮ರ ಮಾರ್ಚಿನಲ್ಲಿ ಹಾರಿದ ಅಮೆರಿಕದ ವ್ಯಾನ್‌ಗಾರ್ಡ್ ಎಂಬ ಪುಟ್ಟ ಉಪಗ್ರಹ ಗಾತ್ರದಲ್ಲಿ ಒಂದು ಪಂಪರ ಪನಸದ ಹಣ್ಣಿನಷ್ಟು. ಒಂದೂವರೆ ಕಿಲೋಗ್ರಾಂ ತೂಕ. ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದ ಅದನ್ನೂ ಈ ಕ್ಯಾಮರಾಗಳು ಚಿತ್ರಿಸಿದವು. ವ್ಯಾನ್‌ಗಾರ್ಡಿನ ಪ್ರೇಷಕ ೧೯೬೪ರಲ್ಲಿ ಸುಮ್ಮನಾಯಿತು. ಉಪಗ್ರಹ ಮಾತ್ರ ಈಗಲೂ ಮೇಲೆಯೇ ಇದೆ. ಮನುಷ್ಯ ಹಾರಿಸಿ ಇನ್ನೂ ಬೀಳದಿರುವ ವಸ್ತುಗಳಲ್ಲಿ ಅದೇ ಹಿರಿಯದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಭೂಮಿಯ ಮಗ್ಗುಲಲ್ಲಿ ಸುತ್ತುವ ನೌಕೆಗಳ ಮಾತು. ಅವು ಚಂದ್ರನ ಕಡೆಗೆ ಹೊರಟ ಮೇಲೆ ತೊಡಕು ಬಂತು. ದೂರ ಎರಡು ಪಟ್ಟಾದರೆ ಕಣ್ಣಿಗೆ ಬೀಳುವ ಬೆಳಕು ನಾಲ್ಕರಲ್ಲೊಂದು ಪಾಲಾಗುತ್ತದೆ. ಹತ್ತು ಪಟ್ಟಾದರೆ ನೂರರಲ್ಲೊಂದು. ೧೯೫೯ರ ಜನವರಿ ೨ರಂದು ರಷ್ಯನರು ಚಂದ್ರನತ್ತ ಹಾರಿಸಿದ ಲೂನಾ ೧ ಎಂಬ ನೌಕೆಯ ವಿಷಯದಲ್ಲಿ ಇದನ್ನು ಮೊದಲೇ ಯೋಚಿಸಿದ್ದರು. ಹೋಗಿದೆಯೆಂದು ನಾವು ಹೇಳಿದರೆ ಲೋಕ ನಂಬಬೇಕಲ್ಲ? ಅದಕ್ಕೆ ನೌಕೆಯ ಜೊತೆಗೆ ಒಂದು ಕಿಲೋಗ್ರಾಂ ಸೋಡಿಯಂ ಲೋಹವನ್ನು ಕಳಿಸಿದ್ದರು. ಒಲೆಯ ಉರಿಗೆ ಚಿಟಿಕೆ ಉಪ್ಪು ಬಿದ್ದರೆ ಜ್ವಾಲೆ ಹಳದಿಯಾಗುವುದನ್ನು ಅಡಿಗೆಮನೆಯಲ್ಲಿ ಕಂಡಿರುತ್ತೀರಿ. ಉಪ್ಪಿನಲ್ಲಿರುವ ಸೋಡಿಯಮ್ಮಿನ ಗುಣ ಅದು. ಜನವರಿ ೩ರಂದು, ಭೂಮಿಯಿಂದ ಒಂದು ಲಕ್ಷ ಕಿಲೋಮೀಟರಿಗೂ ಆಚೆ, ನೌಕೆ ಆ ಲೋಹವನ್ನು ಆವಿ ಮಾಡಿ ಚೆಲ್ಲಿತು. ಹಿಂದೂ ಮಹಾಸಾಗರದ ಮೇಲಿನ ಆಕಾಶದಲ್ಲಿ ಕೆಲವು ನಿಮಿಷಗಳ ಕಾಲ, ಬರಿಗಣ್ಣಿಗೆ ಕಂಡೂ ಕಾಣದಷ್ಟು ಮಂಕಾದ ಕಿತ್ತಳೆ ಬಣ್ಣದ ಮೋಡವೊಂದು ಮೂಡಿ ಮರೆಯಾಯಿತು. ಕಾಕಸಸ್ ಪರ್ವತದ ಕಿಸ್ಲೊವೊಡ್ಸ್ಕ್ ಬಳಿಯ ವೀಕ್ಷಣಾಲಯದಲ್ಲಿ ಗ್ನೆವಿಶೆವ್ ಎಂಬ ವಿಜ್ಞಾನಿ ಅದರ ಛಾಯಾಚಿತ್ರ ತೆಗೆದರು. ನನಗೆ ತಿಳಿದಂತೆ, ನೋಡುವವರಿಗೆ ಸಾಕ್ಷಿಯಾಗಲೆಂದೇ ನೌಕೆಯೊಂದು ಆಕಾಶದಲ್ಲಿ ಬಣ್ಣ ಎರಚಿದ್ದು ಅದೇ ಮೊದಲು. ನೌಕೆಯೇನೋ ಚಂದ್ರನನ್ನು ಮುಟ್ಟದೆ ಸುಮಾರು ಆರು ಸಾವಿರ ಕಿಲೋಮೀಟರ್ ಪಕ್ಕಕ್ಕೆ ಸರಿದು ಸೂರ್ಯನ ಸುತ್ತ ಹೋಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೂನಾ ೨ ಚಂದ್ರನಿಗೆ ನೇರವಾಗಿ ಬಡಿಯಿತು. ಅದೂ ದಾರಿಯಲ್ಲಿ ಸೋಡಿಯಂ ಚೆಲ್ಲಿತ್ತು. ಆದರೆ ಲೋಕವನ್ನು ಒಪ್ಪಿಸಿದ್ದು ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕಿನ ೭೬ ಮೀಟರ್ ರೇಡಿಯೋ ದೂರದರ್ಶಕ. ಬರ್ನಾರ್ಡ್ ಲವೆಲ್ ಮತ್ತು ಅವರ ಸಂಗಡಿಗರು ನೌಕೆಯ ದನಿಯನ್ನು ಕೊನೆಯವರೆಗೂ ಕೇಳುತ್ತ ಕುಳಿತಿದ್ದರು. ಅದು ಥಟ್ಟನೆ ನಿಂತ ಗಳಿಗೆಯೇ ಚಂದ್ರನಿಗೆ ಬಡಿದ ಗಳಿಗೆ. ಅಲ್ಲಿ ಮೌನವೇ ಸುದ್ದಿಯಾಯಿತು.

ಕಣ್ಣಿನ ಸಾಕ್ಷ್ಯ ದೊಡ್ಡದು ಎಂದು ಹೊಗಳುತ್ತ ಹೋದರೆ ಅರ್ಧ ಸತ್ಯವಾದೀತು. ಕಂಡದ್ದೇನೆಂದು ಹೇಳುವವರಿಲ್ಲದಿದ್ದರೆ ಕಣ್ಣು ಹೇಗೆ ಮೋಸಹೋಗುತ್ತದೆ ಎಂಬುದಕ್ಕೆ ಅಪೋಲೋ ೧೩ರ ಕಥೆ ಇದೆ. ಅಪೋಲೋ ನೌಕೆಗಳು ಚಂದ್ರನಿಗೆ ಹೋಗುತ್ತಿದ್ದಾಗ ಹವ್ಯಾಸಿಗಳಿಗೆ ಹಬ್ಬವಾಗಿತ್ತು. ನೌಕೆಯ ಹಿಂದೆಯೇ ಅದನ್ನು ತಳ್ಳಿದ ರಾಕೆಟ್ಟಿನ ಮೂರನೆಯ ಹಂತ ಬರುತ್ತಿತ್ತು. ಅದು ಸುಮಾರು ೧೮ ಮೀಟರ್ ಉದ್ದ. ಅದರಿಂದ ಬಿಡಿಸಿಕೊಂಡ ನಾಲ್ಕು ದೊಡ್ಡ ಹಲಗೆಗಳು ಪಲ್ಟಿ ಹೊಡೆಯುತ್ತ, ಮಿನುಗುತ್ತ ಜೊತೆಗೆ ಸಾಗುತ್ತಿದ್ದವು. ೧೯೬೮ರ ಡಿಸೆಂಬರಿನಲ್ಲಿ ಅಪೋಲೋ ೮ ಹೊರಟಾಗ ರಾಕೆಟ್ ಉರಿದು ಚಂದ್ರನ ದಾರಿ ಹಿಡಿದದ್ದನ್ನು ಹವಾಯಿ ದ್ವೀಪದವರು ಕಣ್ಣಾರೆ ಕಂಡರು.

ಅಪೋಲೋ ೧೩ ಹೊರಟದ್ದು ೧೯೭೦ರ ಏಪ್ರಿಲ್ ೧೧ರಂದು. ಅದರಲ್ಲಿದ್ದವರು ಜೇಮ್ಸ್ ಲವೆಲ್, ಜಾಕ್ ಸ್ವೈಗರ್ಟ್, ಫ್ರೆಡ್ ಹೈಸ್. (ಹಿಂದೆ ಹೇಳಿದ ಲವೆಲ್ ಅವರಿಗೂ ಇವರಿಗೂ ಸಂಬಂಧ ಹೆಸರಿನದು ಮಾತ್ರ.) ೧೩ರ ರಾತ್ರಿ ಹ್ಯೂಸ್ಟನ್ ನಗರದ ನಿಯಂತ್ರಣ ಕೇಂದ್ರದ ಆವರಣದಲ್ಲೇ, ಒಂದು ಕಟ್ಟಡದ ಮಾಳಿಗೆಯ ಮೇಲೆ ಕೆಲವು ಎಂಜಿನಿಯರುಗಳು ಸೇರಿದ್ದರು. ಅಂದು ಅವರಿಗೆ ಅಲ್ಲಿ ಸರ್ಕಾರದ ಕೆಲಸವೇನೂ ಇರಲಿಲ್ಲ. ಆಕಾಶ ನೋಡುವ ಗೀಳಿನಿಂದ ಬಂದವರು. ದೂರದರ್ಶಕಕ್ಕೆ ಒಂದು ಟೆಲಿವಿಷನ್ನನ್ನು ಹೇಗೋ ಜೋಡಿಸಿ, ಮೂರು ಲಕ್ಷ ಕಿಲೋಮೀಟರ್ ಆಚೆಯ ನೌಕೆಯ ಸುಳಿವು ಸಿಕ್ಕೀತೇ ಎಂದು ನೋಡುತ್ತಿದ್ದರು. ನೌಕೆಯಂತೂ ಅಷ್ಟು ಹೊತ್ತಿಗೆ ಕಾಣದಷ್ಟು ದೂರ ಹೋಗಿತ್ತು. ಹಿಂದೆ ಬರುತ್ತಿದ್ದ ರಾಕೆಟ್ ಹಂತ ಮಾತ್ರ ಮಿಣುಕುತ್ತಿತ್ತು. ಊರ ಗಡಿಯಾರದಲ್ಲಿ ಒಂಬತ್ತು ಗಂಟೆ ದಾಟಿ ಕೆಲವು ನಿಮಿಷವಾಗಿತ್ತು. ಪರದೆಯ ನಡುವೆ ಒಂದು ಬೆಳ್ಳನೆಯ ಚುಕ್ಕೆ ಕಾಣಿಸಿಕೊಂಡಿತು. ಹತ್ತು ನಿಮಿಷಗಳಲ್ಲಿ ಹಿಗ್ಗಿ ನಾಣ್ಯದಷ್ಟು ಅಗಲವಾಯಿತು. ನೋಡುತ್ತಿದ್ದವರು ಏನೆಂದುಕೊಂಡರು ಬಲ್ಲಿರಾ? ಟೆಲಿವಿಷನ್ ಕೆಟ್ಟಿತೆಂದುಕೊಂಡರು.

ಕೆಟ್ಟದ್ದು ನೌಕೆ. ಅದರ ಆಮ್ಲಜನಕದ ತೊಟ್ಟಿಯೊಂದು ಸಿಡಿದು, ಪ್ರಾಣವಾಯು ಶೂನ್ಯಕ್ಕೆ ಹರಿದು, ಸೂರ್ಯನ ಬೆಳಕಿನಲ್ಲಿ ಹತ್ತಾರು ಕಿಲೋಮೀಟರ್ ಅಗಲದ ಮೋಡವಾಗಿ ಹರಡಿತ್ತು. ಅದೇ ಹೊತ್ತಿನಲ್ಲಿ ನಿಯಂತ್ರಣ ಕೊಠಡಿಯಲ್ಲಿ ಕುಳಿತವರ ಮುಂದೆ ತೊಟ್ಟಿಯ ಒತ್ತಡ ಸೊನ್ನೆಗೆ ಇಳಿದಿತ್ತು. ಅವರೂ ಮೊದಲು ಶಂಕಿಸಿದ್ದು ಅಳತೆಯ ಉಪಕರಣವನ್ನೇ! ಸುಮಾರು ಕಾಲು ಗಂಟೆಯ ಮೇಲೆ ಲವೆಲ್ ಕಿಟಕಿಯಿಂದ ಇಣುಕಿ, ಏನೋ ಅನಿಲ ಹೊರಕ್ಕೆ ಹೋಗುತ್ತಿದೆಯೆಂದು ರೇಡಿಯೋದಲ್ಲಿ ತಿಳಿಸಿದಾಗ ಕೊಠಡಿಯಲ್ಲಿದ್ದವರಿಗೆ ನಿಜಸ್ಥಿತಿ ಗೊತ್ತಾಯಿತು. ಮಾಳಿಗೆಯಲ್ಲಿದ್ದವರು ಅದನ್ನು ಆಗಲೇ ಕಂಡಿದ್ದರು. ತಾವು ಕಂಡದ್ದೇನೆಂದು ಅವರಿಗೆ ತಿಳಿದಿರಲಿಲ್ಲ. ಒಂದೇ ಆವರಣದಲ್ಲಿ ಕಣ್ಣು ಒಂದು ಕಡೆ, ಕಿವಿ ಒಂದು ಕಡೆ. ನಡುವೆ ಒಂದು ಟೆಲಿಫೋನು ಕರೆ ಹೋಗಲಿಲ್ಲ. ಹೋಗಿದ್ದರೆ ಏನಾದರೂ ಬದಲಾಗುತ್ತಿತ್ತೇ? ತೊಟ್ಟಿಯಂತೂ ಮತ್ತೆ ತುಂಬುತ್ತಿರಲಿಲ್ಲ. ಆದರೆ ಆ ಕಾಲು ಗಂಟೆಯ ಅನುಮಾನ ತಪ್ಪುತ್ತಿತ್ತೋ ಏನೋ ಎಂದು ನನಗೆ ಅನೇಕ ಸಲ ಅನಿಸಿದೆ. ನಾಲ್ಕು ದಿನಗಳ ಮೇಲೆ, ಏಪ್ರಿಲ್ ೧೭ರಂದು, ಮೂವರೂ ಜೀವಸಹಿತ ಹಿಂತಿರುಗಿದರೆಂಬುದನ್ನು ಲೋಕವೇ ಬಲ್ಲದು.

ಅಪೋಲೋ ಕಾಲ ಮುಗಿದ ಮೇಲೆ ಕೆಲವು ವರ್ಷ ಈ ಹವ್ಯಾಸ ಮಂದವಾಯಿತು. ದೂರದ ಗ್ರಹಗಳಿಗೆ ಹೊರಟ ನೌಕೆಗಳು ಚಿಕ್ಕವು, ಮಂಕಾದವು. ಫಿಲ್ಮಿನ ಶಕ್ತಿ ಅಲ್ಪ. ಬಂದು ಬಿದ್ದ ನೂರು ಬೆಳಕಿನ ಕಣಗಳಲ್ಲಿ ಫಿಲ್ಮು ಒಂದೆರಡನ್ನು ಹಿಡಿದರೆ ಹೆಚ್ಚು. ಆಮೇಲೆ ಬಂದ ಎಲೆಕ್ಟ್ರಾನಿಕ್ ಕ್ಯಾಮರಾಗಳು ಅರ್ಧಕ್ಕೂ ಹೆಚ್ಚು ಕಣಗಳನ್ನು ಹಿಡಿಯಬಲ್ಲವು. ೧೯೯೦ರ ದಶಕದಲ್ಲಿ ಅವು ಹವ್ಯಾಸಿಗಳ ಕೈಗೂ ಬಂದವು. ಹಿಂದೆ ದೊಡ್ಡ ವೀಕ್ಷಣಾಲಯಗಳಿಗೆ ಮಾತ್ರ ಸಾಧ್ಯವಾಗಿದ್ದದ್ದು ಮನೆಯ ಹಿತ್ತಿಲಲ್ಲಿ ಸಾಧ್ಯವಾಯಿತು.

ದೂರದ ನೌಕೆಯ ಚಿತ್ರ ತೆಗೆಯುವುದೆಂದರೆ ಏನು? ನೌಕೆಯ ರೆಕ್ಕೆ, ಕೊಂಬು, ಬಾಗಿಲುಗಳೆಲ್ಲ ಕಾಣುವ ಪಟವೆಂದು ಯಾರೂ ತಿಳಿಯಬಾರದು. ೨೦೨೧ರ ಡಿಸೆಂಬರ್ ೨೫ರಂದು ಹಾರಿದ ಜೇಮ್ಸ್ ವೆಬ್ ಎಂಬ ಗಗನ ದೂರದರ್ಶಕವನ್ನೇ ತೆಗೆದುಕೊಳ್ಳಿ. ಅದರ ಬಿಸಿಲುಮರೆಯ ಉದ್ದ ೨೧ ಮೀಟರ್, ಅಗಲ ೧೪ ಮೀಟರ್. ಒಂದು ಟೆನಿಸ್ ಅಂಗಳದಷ್ಟು. ಆದರೆ ಅದು ಇರುವುದು ೧೫ ಲಕ್ಷ ಕಿಲೋಮೀಟರ್ ದೂರದಲ್ಲಿ. ದಿಲ್ಲಿಯಲ್ಲಿ ಯಾರೋ ಎತ್ತಿ ಹಿಡಿದ ಐದು ರೂಪಾಯಿಯ ನಾಣ್ಯವನ್ನು ಬೆಂಗಳೂರಿನ ಮಾಳಿಗೆಯಿಂದ ನೋಡಿದರೆ ಎಷ್ಟು ಚಿಕ್ಕದಾಗಿ ತೋರಬೇಕೋ ಅಷ್ಟು ಚಿಕ್ಕದು. ನಾಣ್ಯದ ಮೇಲಿನ ಸಿಂಹಮುಖ ಕಾಣುವುದಿರಲಿ, ಆಕಾರವೂ ಕಾಣದು. ಹೊಳಪು ಮಾತ್ರ ಒಂದು ಚುಕ್ಕೆಯಾಗಿ ಸಿಕ್ಕೀತು. ೪೦೦ ಕಿಲೋಮೀಟರ್ ಎತ್ತರದಲ್ಲಿ ಆ ಬಿಸಿಲುಮರೆ ಎಷ್ಟು ಬೆಳಗುತ್ತಿತ್ತೋ ಅದರ ಒಂದು ಕೋಟಿ ನಲವತ್ತು ಲಕ್ಷದಲ್ಲೊಂದು ಪಾಲು ಬೆಳಕು ಮಾತ್ರ ಅಷ್ಟು ದೂರದಿಂದ ನಮಗೆ ಬರುತ್ತದೆ.

ಸಾವಿರಾರು ಚುಕ್ಕೆಗಳ ನಡುವೆ ನೌಕೆ ಯಾವುದೆಂದು ಗುರುತಿಸುವುದೇ ಈ ಕಲೆ. ನೌಕೆಯನ್ನು ನಡೆಸುವ ಸಂಸ್ಥೆಗಳು ಯಾವ ಹೊತ್ತಿಗೆ ಅದು ಆಕಾಶದ ಯಾವ ಭಾಗದಲ್ಲಿರುತ್ತದೆಂಬ ಪಂಚಾಂಗವನ್ನು ಪ್ರಕಟಿಸುತ್ತವೆ. ಹವ್ಯಾಸಿ ಅತ್ತ ದೂರದರ್ಶಕವನ್ನು ತಿರುಗಿಸಿ, ಭೂಮಿಯ ಸುತ್ತಾಟಕ್ಕೆ ಸರಿಯಾಗಿ ಅದನ್ನು ಯಂತ್ರದಿಂದ ನಡೆಸುತ್ತ, ಒಂದೊಂದು ನಿಮಿಷದ ಹತ್ತಾರು ಚಿತ್ರಗಳನ್ನು ತೆಗೆಯುತ್ತಾನೆ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ನೌಕೆ ಸರಿಯುತ್ತದೆ. ವೆಬ್ ನೌಕೆ ಪೂರ್ಣಚಂದ್ರನ ಅಗಲದಷ್ಟು ಜಾಗ ಸರಿಯಲು ಸುಮಾರು ಹನ್ನೆರಡು ಗಂಟೆ ಬೇಕು. ಒಂದು ಚಿತ್ರವನ್ನೂ ಅರ್ಧ ಗಂಟೆ ಬಿಟ್ಟು ತೆಗೆದ ಇನ್ನೊಂದನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಜಾಗ ಬಿಟ್ಟು ಕದಲಿದ ಚುಕ್ಕೆ ಬೇರೆಯಾಗಿ ಕಾಣುತ್ತದೆ. ತೀರ ಮಂಕಾಗಿದ್ದರೆ ನೌಕೆಯ ವೇಗಕ್ಕೆ ಹೊಂದಿಸಿ ಚಿತ್ರಗಳನ್ನು ಪೇರಿಸುತ್ತಾರೆ. ಆಗ ನೌಕೆ ಒಂದೇ ಚುಕ್ಕೆಯಾಗಿ ಗಟ್ಟಿಯಾಗುತ್ತದೆ. ನಕ್ಷತ್ರಗಳು ಗೆರೆಗಳಾಗಿ ಎಳೆದುಕೊಳ್ಳುತ್ತವೆ. ವೆಬ್ ತನ್ನ ನೆಲೆ ತಲುಪಿದ ದಿನ, ೨೦೨೨ರ ಜನವರಿ ೨೪ರಂದು, ಇಟಲಿಯ ಖಗೋಳಜ್ಞ ಜಾನ್‌ಲೂಕ ಮಾಸಿ ೪೩ ಸೆಂಟಿಮೀಟರ್ ಅಗಲದ ದೂರದರ್ಶಕದಿಂದ ೩೦೦ ಸೆಕೆಂಡುಗಳ ಒಂದು ಚಿತ್ರದಲ್ಲಿ ಅದನ್ನು ಹಿಡಿದರು. ಹೇಳಿದಷ್ಟು ಸುಲಭವಲ್ಲ. ನಾನೂ ಒಂದು ಪುಟ್ಟ ದೂರದರ್ಶಕವಿಟ್ಟುಕೊಂಡು ಎರಡು ರಾತ್ರಿ ಪ್ರಯತ್ನಿಸಿದೆ. ನನ್ನ ಚಿತ್ರಗಳಲ್ಲಿ ಚೆನ್ನಾಗಿ ಬಂದದ್ದು ನಮ್ಮ ಬೀದಿಯ ದೀಪದ ಪ್ರಭೆ.

ಒಂದು ಚುಕ್ಕೆಗಾಗಿ ಇಷ್ಟು ಪಾಡೇಕೆ ಎಂದು ಮನೆಯವರು ಕೇಳಬಹುದು, ಕೇಳುತ್ತಾರೆ. ೨೦೦೨ರ ಸೆಪ್ಟೆಂಬರ್ ೩ರಂದು ಬಿಲ್ ಯಂಗ್ ಎಂಬ ಹವ್ಯಾಸಿ ಅಮೆರಿಕದ ಅರಿಜೋನಾದಿಂದ ಒಂದು ಹೊಸ ಚುಕ್ಕೆಯನ್ನು ಕಂಡುಹಿಡಿದರು. ಅದು ಸೂರ್ಯನನ್ನು ಸುತ್ತುವ ಕ್ಷುದ್ರಗ್ರಹವೆಂದುಕೊಂಡು ಲೆಕ್ಕ ಹಾಕಿದರೆ, ಸುತ್ತುತ್ತಿದ್ದುದು ಭೂಮಿಯನ್ನು! ಭೂಮಿಗೆ ಎರಡನೆಯ ಚಂದ್ರನೇ ಎಂದು ಕುತೂಹಲ ಹುಟ್ಟಿತು. ಅದರ ಬೆಳಕನ್ನು ಬಿಡಿಸಿ ನೋಡಿದಾಗ ಬಿಳಿ ಬಣ್ಣಕ್ಕೆ ಬೆರೆಸುವ ಟೈಟೇನಿಯಂ ಡೈಆಕ್ಸೈಡಿನ ಗುರುತು ಸಿಕ್ಕಿತು. ಕಲ್ಲಿಗೆ ಸುಣ್ಣಬಣ್ಣ ಹೊಡೆದವರು ಯಾರು? ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿದ ಮೇಲೆ ತಿಳಿದದ್ದು ಇಷ್ಟು: ೧೯೬೯ರ ನವೆಂಬರ್ ೧೪ರಂದು ಸಿಡಿಲು ಬಡಿಸಿಕೊಂಡೂ ಹಾರಿದ ಅಪೋಲೋ ೧೨ರ ರಾಕೆಟ್ಟಿನ ಮೂರನೆಯ ಹಂತವೇ ಅದಾಗಿರಬೇಕು. ೧೯೭೧ರ ಸುಮಾರಿಗೆ ಭೂಮಿಯ ಹಿಡಿತ ತಪ್ಪಿಸಿಕೊಂಡು ಸೂರ್ಯನನ್ನು ಸುತ್ತಲು ಹೋಗಿ, ಮೂವತ್ತೊಂದು ವರ್ಷದ ಮೇಲೆ ತವರಿಗೆ ಬಂದಿತ್ತು. ೨೦೦೩ರಲ್ಲಿ ಮತ್ತೆ ಹೊರಟುಹೋಯಿತು. ೨೦೨೦ರಲ್ಲಿ ಹವಾಯಿಯಿಂದ ಕಂಡ ಇನ್ನೊಂದು ಚುಕ್ಕೆಯದೂ ಇದೇ ಕಥೆ. ಬಿಸಿಲಿನ ಒತ್ತಡಕ್ಕೆ ಅದು ಕಲ್ಲಿಗಿಂತ ಹೆಚ್ಚಾಗಿ ಓಲಾಡುತ್ತಿದ್ದುದರಿಂದ ಒಳಗೆ ಟೊಳ್ಳೆಂಬ ಅನುಮಾನ ಬಂತು. ೧೯೬೬ರಲ್ಲಿ ಸರ್ವೇಯರ್ ೨ ಎಂಬ ನೌಕೆಯನ್ನು ಚಂದ್ರನತ್ತ ತಳ್ಳಿದ ರಾಕೆಟ್ಟು ಅದು. ಭಾರತೀಯ ಮೂಲದ ವಿಷ್ಣು ರೆಡ್ಡಿ ಮತ್ತು ಅವರ ಸಂಗಡಿಗರು ಅದರ ಬೆಳಕನ್ನು ಅದೇ ಬಗೆಯ ಇನ್ನೊಂದು ಹಳೆಯ ರಾಕೆಟ್ಟಿನ ಬೆಳಕಿನೊಡನೆ ಹೋಲಿಸಿ ಖಚಿತಪಡಿಸಿದರು.

ಸತ್ತವು ಮಾತ್ರವಲ್ಲ, ಬದುಕಿರುವ ನೌಕೆಗಳೂ ಕ್ಷುದ್ರಗ್ರಹಗಳ ಪಟ್ಟಿಗೆ ಸೇರಿದ್ದುಂಟು. ೨೦೦೭ರ ನವೆಂಬರಿನಲ್ಲಿ, ಭೂಮಿಗೆ ಆರು ಸಾವಿರ ಕಿಲೋಮೀಟರಿಗಿಂತ ಹತ್ತಿರವಾಗಿ ಹಾದುಹೋಗುವ ಕಲ್ಲೊಂದು ಬರುತ್ತಿದೆಯೆಂದು ಪ್ರಕಟಣೆ ಹೊರಟಿತು. ‘೨೦೦೭ ವಿಎನ್ ೮೪’ ಎಂದು ಹೆಸರಿಟ್ಟದ್ದೂ ಆಯಿತು. ಅದು ಯೂರೋಪಿನ ರೋಸೆಟ್ಟಾ ನೌಕೆ ಎಂದು ರಷ್ಯದ ಡೆನಿಸ್ ಡೆನಿಸೆಂಕೊ ತೋರಿಸಿಕೊಟ್ಟ ಮೇಲೆ ಹೆಸರನ್ನು ತೆಗೆದುಹಾಕಿದರು. ೨೦೨೫ರ ಜನವರಿಯಲ್ಲೂ ಹೀಗೇ ಆಯಿತು. ಹವ್ಯಾಸಿಯೊಬ್ಬರು ಹಳೆಯ ಅಳತೆಗಳಿಂದ ಹೆಕ್ಕಿದ ‘ಕ್ಷುದ್ರಗ್ರಹ’, ೨೦೧೮ರ ಫೆಬ್ರವರಿಯಲ್ಲಿ ರಾಕೆಟ್ಟಿನ ಪರೀಕ್ಷೆಗೆಂದು ಹಾರಿಸಿದ್ದ ಟೆಸ್ಲಾ ಮೋಟಾರು ಕಾರು! ಒಂದು ದಿನದೊಳಗೆ ಅದರ ಹೆಸರೂ ಅಳಿಯಿತು. ನಗು ಬರುತ್ತದೆ ನಿಜ. ಆದರೆ ಭೂಮಿಗೆ ನಿಜವಾಗಿ ಬಡಿಯಬಹುದಾದ ಕಲ್ಲುಗಳನ್ನು ಕಾಯುವವರೂ ಇದೇ ಆಕಾಶವನ್ನೇ ನೋಡುತ್ತಾರೆ. ಹತ್ತಿರದ ಉಪಗ್ರಹಗಳಿಗಾದರೆ ಸರ್ಕಾರಗಳು ಪಟ್ಟಿ ಇಟ್ಟಿವೆ; ದೂರಕ್ಕೆ ಎಸೆದವುಗಳ ಲೆಕ್ಕ ಅಷ್ಟು ಕ್ರಮವಾಗಿಲ್ಲ. ಎಸೆದವರು ಮರೆತದ್ದನ್ನು ನೋಡುವವರು ಬರೆದಿಡಬೇಕಾಗಿದೆ.

ಈ ಬೆಳಕಿಗೂ ಒಂದು ಎಲ್ಲೆ ಉಂಟು. ಅದು ನಮ್ಮ ನಾಡಿನವರಿಗೆ ಚೆನ್ನಾಗಿ ಗೊತ್ತು. ೨೦೦೮ರ ಅಕ್ಟೋಬರ್ ೨೨ರಂದು ಹೊರಟ ಚಂದ್ರಯಾನ ೧ರ ದನಿಯನ್ನು ಕೇಳಲು ಬೆಂಗಳೂರಿನ ಹತ್ತಿರ ಬ್ಯಾಲಾಳು ಗ್ರಾಮದಲ್ಲಿ ೩೨ ಮೀಟರ್ ಅಗಲದ ಆಂಟೆನಾ ನಿಲ್ಲಿಸಿದ್ದರು. ೨೦೦೯ರ ಆಗಸ್ಟ್ ೨೯ರ ನಡುರಾತ್ರಿ ಕಳೆದು ಒಂದೂವರೆ ಗಂಟೆಯ ಹೊತ್ತಿಗೆ ಆ ದನಿ ಇದ್ದಕ್ಕಿದ್ದಂತೆ ನಿಂತಿತು. ೩೧೨ ದಿನಗಳ ಕೆಲಸ ಅಲ್ಲಿಗೆ ಮುಗಿಯಿತು. ಒಂದೂವರೆ ಮೀಟರಿನ ಆ ಪೆಟ್ಟಿಗೆ ಚಂದ್ರನ ನೆತ್ತಿಗೆ ಅಂಟಿದಂತೆ ಸುತ್ತುತ್ತಿದ್ದುದರಿಂದ ಚಂದ್ರನ ಬೆಳಕಿನ ಕೋರೈಸಿನಲ್ಲಿ ಯಾವ ದೂರದರ್ಶಕಕ್ಕೂ ಸಿಕ್ಕುವಂತಿರಲಿಲ್ಲ. ಏಳು ವರ್ಷ ಅದು ಎಲ್ಲಿದೆಯೆಂದು ಸರಿಯಾಗಿ ಗೊತ್ತಿರಲಿಲ್ಲ. ೨೦೧೬ರ ಜುಲೈ ೨ರಂದು ಅಮೆರಿಕದವರು ಕ್ಯಾಲಿಫೋರ್ನಿಯದ ೭೦ ಮೀಟರ್ ಆಂಟೆನಾದಿಂದ ಚಂದ್ರನ ಧ್ರುವದತ್ತ ರೇಡಿಯೋ ಅಲೆಗಳನ್ನು ಎಸೆದು, ಪಶ್ಚಿಮ ವರ್ಜೀನಿಯದ ೧೦೦ ಮೀಟರ್ ಆಂಟೆನಾದಲ್ಲಿ ಪ್ರತಿಧ್ವನಿಗೆ ಕಾದರು. ಪ್ರತಿಧ್ವನಿ ಬಂತು. ಚಂದ್ರಯಾನ ತನ್ನ ಪಾಡಿಗೆ ಸುತ್ತುತ್ತಲೇ ಇತ್ತು.

ಕೊನೆಗೆ ಗಾಯಾ ಎಂಬ ನೌಕೆಯ ಮಾತು. ಯೂರೋಪಿನವರು ೨೦೧೩ರ ಡಿಸೆಂಬರ್ ೧೯ರಂದು ಹಾರಿಸಿದ ಇದರ ಕೆಲಸ ನಕ್ಷತ್ರಗಳ ಸ್ಥಾನವನ್ನು ಅಳೆಯುವುದು. ಸುಮಾರು ಇನ್ನೂರು ಕೋಟಿ ನಕ್ಷತ್ರಗಳನ್ನು ಅಳೆಯಿತು. ಇಂದು ಯಾವ ಹವ್ಯಾಸಿ ತನ್ನ ಚಿತ್ರದಲ್ಲಿ ಒಂದು ಚುಕ್ಕೆಯ ಜಾಗವನ್ನು ಅಳೆಯಲಿ, ಸುತ್ತಲ ನಕ್ಷತ್ರಗಳ ಲೆಕ್ಕಕ್ಕೆ ಆತ ತೆರೆಯುವುದು ಗಾಯಾದ ಪಟ್ಟಿಯನ್ನೇ. ಆದರೆ ಗಾಯಾ ತಾನು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಲೆಕ್ಕ ಹಾಕಿದ್ದಕ್ಕಿಂತ ಬಹಳ ಮಂಕಾಗಿದ್ದು, ಅದನ್ನು ಕಾಣಲು ಚಿಲಿ ದೇಶದ ದೊಡ್ಡ ದೂರದರ್ಶಕಗಳೇ ಬೇಕಾಗಿದ್ದವು. ೨೦೨೫ರ ಜನವರಿ ೧೫ರಂದು ಅದರ ಅಳತೆಯ ಕೆಲಸ ಮುಗಿಯಿತು. ಆಮೇಲೆ ಕೆಲವು ವಾರ ಪರೀಕ್ಷೆಗಳಿಗೆಂದು ನೌಕೆಯನ್ನು ಬೇರೆ ದಿಕ್ಕಿಗೆ ಓರೆಯಾಗಿಸಿದರು. ಆ ಓರೆಯಲ್ಲಿ ಬಿಸಿಲು ಅದರಿಂದ ಭೂಮಿಯ ಕಡೆಗೆ ಚಿಮ್ಮಿ, ಅದು ಹಿಂದಿಗಿಂತ ಎಷ್ಟೋ ಪಟ್ಟು ಹೊಳಪಾಯಿತು. ಸಣ್ಣ ದೂರದರ್ಶಕವಿದ್ದವರು ನೋಡಿಕೊಳ್ಳಿ ಎಂದು ಯೂರೋಪಿನ ಸಂಸ್ಥೆಯೇ ತಿಳಿಸಿತು. ಹನ್ನೊಂದು ವರ್ಷ ಕಾಣದಿದ್ದ ಚುಕ್ಕೆಯನ್ನು, ಅದೇ ಅಳೆದುಕೊಟ್ಟ ನಕ್ಷತ್ರಗಳ ನಡುವೆ, ಹವ್ಯಾಸಿಗಳು ಮನೆಯಿಂದಲೇ ಚಿತ್ರ ತೆಗೆದರು. ಆ ಮಾರ್ಚ್ ೨೭ರಂದು ಅದರ ಯಂತ್ರಗಳನ್ನೂ ಪ್ರೇಷಕವನ್ನೂ ಆರಿಸಿ, ಸೂರ್ಯನನ್ನು ಸುತ್ತುವ ದಾರಿಗೆ ಕಳಿಸಿಬಿಟ್ಟರು. ಇನ್ನು ನೂರು ವರ್ಷ ಅದು ಭೂಮಿಗೆ ಒಂದು ಕೋಟಿ ಕಿಲೋಮೀಟರಿಗಿಂತ ಹತ್ತಿರ ಬಾರದಂತೆ ಲೆಕ್ಕ ಹಾಕಿಯೇ ಆ ದಾರಿಯನ್ನು ಆರಿಸಿದ್ದಾರೆ.